ದನಕರುಗಳ ಅಂಟುಜಾಡ್ಯಗಳೂ ಗ್ರಾಮ ಪಶುವೈದ್ಯ ಕಾರ್ಯಕರ್ತರ ಶಿಕ್ಷಣವೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ತಿಳುವಳಿಕೆ

ಯಾವುದೊಂದು ಊರಿನಲ್ಲಿ ದನಗಳಿಗೆ ಅಂಟುಜಾಡ್ಯ ಬಂದರೂ, ಮೊದಲನೆಯ ದನ ಮೇವು ಬಿಟ್ಟ ದಿವಸಕ್ಕೂ ಆ ವರ್ತಮಾನವು ಪಶುವೈದ್ಯರಿಗೆ ಮುಟ್ಟಿದ ದಿವಸಕ್ಕೂ ನಡುವೆ ಎಷ್ಟು ದಿವಸಗಳು ಕಳೆದುವೆಂಬುದನ್ನು ಮೊದಲು ವಿಚಾರಿಸಬೇಕು. ಊರಿನ ಮಿಕ್ಕ ದನಗಳ ಅಳಿವು ಉಳಿವುಗಳು ಬಹುಮಟ್ಟಿಗೆ ಆ ದಿವಸಗಳ ಲೆಕ್ಕವನ್ನೇ ಅವಲಂಬಿಸಿರುತ್ತವೆ. ಔಷಧವೂ ಲಸಿಕೆಯೂ ಎಷ್ಟೇ ಉತ್ತಮವಾಗಿದ್ದರೂ ತಡವಾಗಿ ಬಂದಲ್ಲಿ ಉಳಿದಿರುವುದನ್ನು ಮಾತ್ರ ಕಾಪಾಡಬಲ್ಲವು. ಈ ನಡುವಣ ದಿವಸಗಳನ್ನು ಕಡಿಮೆ ಮಾಡುವುದೇ ಗ್ರಾಮ ಪಶುವೈದ್ಯ ಕಾರ್ಯಕರ್ತರಿಗೆ ಕೊಡತಕ್ಕ ಶಿಕ್ಷಣದ ಮುಖ್ಯ ಉದ್ದೇಶವು.

ಕಾರ್ಯಕರ್ತರೆಂದರೆ ಪದವೀಧರರಾದ ಪಶುವೈದ್ಯರಲ್ಲ. ಅವರ ಕೈಕೆಳಗಿನ ಪಶುವೈದ್ಯಕೀಯ ಪರೀಕ್ಷಕರು, ಹಾಲು ಉತ್ಪಾದಕರ ಸಂಘಗಳಲ್ಲಿ ಕೃತಕ ಗರ್ಭಧಾರಣೆಯ ಕೆಲಸ ಮಾಡುವವರು, ಮಹಿಳಾ ಸ್ವಸಹಾಯ ಸಂಘಗಳಿಂದ ಆರಿಸಲ್ಪಟ್ಟ ಪಶುಸಖಿಯರು, ಲಸಿಕೆಯ ಕಾಲದಲ್ಲಿ ಮನೆಮನೆಗೆ ಹೋಗುವ ಸಹಾಯಕರು, ಇವರೆಲ್ಲರೂ ಈ ಹೆಸರಿಗೆ ಸೇರಿದವರು. ರೋಗದ ದನವಿರುವ ಕೊಟ್ಟಿಗೆಗೆ ಮೊದಲು ಕಾಲಿಡುವವರು ಇವರೇ ಆದುದರಿಂದ, ರೋಗವನ್ನು ಮೊದಲು ಗುರುತಿಸುವವರೂ ಇವರೇ ಆಗಬೇಕು. ಶಿಕ್ಷಣವಿಲ್ಲದಿದ್ದಲ್ಲಿ ರೋಗವನ್ನು ಕಾಲಿಗೆ ಅಂಟಿಸಿಕೊಂಡು ಮುಂದಿನ ಮನೆಗೆ ಒಯ್ಯುವವರೂ ಇವರೇ ಆಗಬಹುದು.

ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು 2007ರಲ್ಲಿ ಹೊಸ ಚಿಕ್ಕಬಳ್ಳಾಪುರ ಜಿಲ್ಲೆಗೆ ಬಂದ ಈ ನಾಲ್ಕು ತಾಲ್ಲೂಕುಗಳ ಸ್ಥಿತಿಯು ಅಂಟುಜಾಡ್ಯಗಳಿಗೆ ಅನುಕೂಲವಾದುದು. ನಂದಿಬೆಟ್ಟಗಳ ಸುತ್ತಿನಲ್ಲಿ ಪಿನಾಕಿನಿಗಳೂ ಪಾಲಾರ್, ಪಾಪಘ್ನಿ, ಚಿತ್ರಾವತಿಗಳೂ ಹುಟ್ಟುತ್ತವಾದರೂ ವರ್ಷವೆಲ್ಲಾ ಹರಿಯುವ ನದಿ ಒಂದೂ ಇಲ್ಲ. ಬೇಸಿಗೆಯಲ್ಲಿ ಊರಿನ ದನಗಳೆಲ್ಲವೂ ಕೆರೆಯಂಗಳದಲ್ಲಿ ಉಳಿದಿರುವ ನೀರಿಗೂ ಅದರ ಸುತ್ತಣ ಹಸುರಿಗೂ ಬಂದು ಸೇರುತ್ತವೆ. ಗೌರಿಬಿದನೂರಿಗೆ ಹಿಂದೂಪುರದ ದಾರಿ, ಚಿಂತಾಮಣಿಗೆ ಮದನಪಲ್ಲಿಯ ದಾರಿ ಇದ್ದು, ಸಂತೆಯ ದನವೂ ಕುರಿಮಂದೆಯೂ ಎರಡು ರಾಜ್ಯಗಳ ನಡುವೆ ಎಡೆಬಿಡದೆ ಓಡಾಡುತ್ತವೆ. ಶಿವರಾತ್ರಿಯ ಕಾಲದಲ್ಲಿ ನಂದಿಯಲ್ಲಿಯೂ, ನೆರೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿಯೂ ದನದ ಜಾತ್ರೆಗಳು ಸೇರುವುದನ್ನು ಎಲ್ಲರೂ ಬಲ್ಲರು. ಇದರ ಮೇಲೆ, ಈಚಿನ ದಶಕಗಳಲ್ಲಿ ನಾಟಿ ದನಗಳು ಕಡಿಮೆಯಾಗಿ ಹಾಲಿಗಾಗಿ ಸಾಕಿದ ಮಿಶ್ರತಳಿಯ ಹಸುಗಳು ಹೆಚ್ಚಿವೆ. ಶಿಡ್ಲಘಟ್ಟದ ಕಡೆ ರೇಷ್ಮೆಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪಿನಿಂದಲೇ ಒಂದೆರಡು ಹಸುಗಳನ್ನು ಸಾಕುವ ಮನೆಗಳು ಅನೇಕವಾಗಿವೆ. ಇಂಥ ಮನೆಯಲ್ಲಿ ಒಂದು ಹಸು ಸತ್ತರೆ ಆ ಸಂಸಾರದ ಬದುಕೇ ಕದಲುತ್ತದೆ.

ದೊಡ್ಡರೋಗವು ಹೋದ ಬಗೆ

ಅಂಟುಜಾಡ್ಯವನ್ನು ಮನುಷ್ಯಪ್ರಯತ್ನದಿಂದ ಬೇರುಸಹಿತ ಕೀಳಬಹುದೆಂಬುದಕ್ಕೆ ದೊಡ್ಡರೋಗವೇ ನಿದರ್ಶನ. ಒಂದು ಕಾಲದಲ್ಲಿ ಊರೂರಿನ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ಈ ರೋಗಕ್ಕಾಗಿ ಮೈಸೂರು ಸಂಸ್ಥಾನದವರು 1925ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಇಂದು ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೆಂಬ ಹೆಸರಿನಿಂದ ಲಸಿಕೆಗಳನ್ನು ತಯಾರಿಸುತ್ತಿದೆ. ಭಾರತದಲ್ಲಿ ದೊಡ್ಡರೋಗವು ಕಡೆಯದಾಗಿ ಕಾಣಿಸಿಕೊಂಡುದು 1995ರಲ್ಲಿ. ಭೂಮಂಡಲದಿಂದಲೇ ಅದು ಅಳಿಯಿತೆಂದು 2011ರಲ್ಲಿ ಸಾರಲಾಯಿತು.

ಇದೆಲ್ಲವೂ ಲಸಿಕೆಯ ಮಹಿಮೆಯೆಂದು ಜನರು ತಿಳಿಯುವುದುಂಟು. ಅದು ಅರ್ಧ ಸತ್ಯ. ಲಸಿಕೆಯನ್ನು ನಿಲ್ಲಿಸಿದ ಮೇಲೂ ರೋಗವು ಎಲ್ಲಿಯಾದರೂ ಅಡಗಿದೆಯೋ ಎಂದು ಕಾರ್ಯಕರ್ತರು ಗ್ರಾಮಗ್ರಾಮಕ್ಕೆ ಹೋಗಿ, ದನಗಳು ನಡೆಯುವ ದಾರಿಗಳಲ್ಲಿ ನಿಂತು, ಬಾಯಿಹುಣ್ಣು ಭೇದಿಗಳಿರುವ ದನವಿದೆಯೇ ಎಂದು ವರ್ಷಗಟ್ಟಲೆ ವಿಚಾರಿಸಿದರು. ಹುಡುಕಿ ಇಲ್ಲವೆಂದು ತೋರಿಸಿದ ಮೇಲೆಯೇ ದೇಶವು ರೋಗಮುಕ್ತವೆನಿಸಿತು. ಹಾಗೆ ಕೇಳಿದವರಿಗೆ ಊರಿನವರು ನಿಜ ಹೇಳಿದುದರಿಂದ ಕೆಲಸ ಸಾಗಿತು.

ಮುಚ್ಚಿಟ್ಟ ಸುದ್ದಿ

ಕಾಲುಬಾಯಿ ಜ್ವರದ ವಿಷಯದಲ್ಲಿ ಹೀಗಾಗಿಲ್ಲ. 2013ರಲ್ಲಿ ಈ ಜ್ವರವು ಕರ್ನಾಟಕದಲ್ಲಿ ಹಬ್ಬಿದಾಗ ಸಾವಿರಾರು ದನಗಳು ಸತ್ತುವು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಗಳೂ ಬಹಳವಾಗಿ ನೊಂದುವು. ‘ಕಾಲುಬಾಯಿಯಿಂದ ದನ ಸಾಯುವುದಿಲ್ಲ, ಬಡವಾಗುತ್ತದೆ, ಅಷ್ಟೆ’ ಎಂಬ ಹಿರಿಯರ ಮಾತು ನಾಟಿ ದನಗಳ ಕಾಲದ್ದು. ಮಿಶ್ರತಳಿಯ ಹಸುವಿಗೂ ಎಳೆಗರುವಿಗೂ ಅದು ಸಲ್ಲದು. ಕರುವಿನ ಎದೆಗುಂಡಿಗೆಗೆ ಈ ರೋಗ ತಗಲಿದರೆ ಬಾಯಲ್ಲಿ ಒಂದು ಹುಣ್ಣೂ ಕಾಣದೆ ಕರು ಬಿದ್ದು ಸಾಯುವುದುಂಟು.

ಈ ಜ್ವರದ ವೈರಾಣುವು ಹುಣ್ಣು ಕಾಣಿಸುವುದಕ್ಕೆ ಮುಂಚೆಯೇ ಜೊಲ್ಲಿನಲ್ಲಿಯೂ ಉಸಿರಿನಲ್ಲಿಯೂ ಹಾಲಿನಲ್ಲಿಯೂ ಹೊರಬೀಳುತ್ತದೆ. ಹೀಗಿರುವಲ್ಲಿ ಹುಣ್ಣು ಕಂಡ ಮೇಲೂ ನಾಲ್ಕಾರು ದಿವಸ ಸುಮ್ಮನಿದ್ದರೆ ಗತಿಯೇನು? ಸುಮ್ಮನಿರುವುದಕ್ಕೆ ಕಾರಣವೂ ಉಂಟು. ಸುದ್ದಿ ಹೊರಬಿದ್ದರೆ ಹಾಲನ್ನು ತೆಗೆದುಕೊಳ್ಳುವುದಿಲ್ಲವೆಂಬ ಭಯ, ಸಂತೆ ನಿಂತೀತೆಂಬ ಭಯ. ಇನ್ನು ಕೆಲವರು ರೋಗ ತಗಲಿದ ಮನೆಯ ಮಿಕ್ಕ ದನಗಳನ್ನು ಸುದ್ದಿ ಹಬ್ಬುವ ಮೊದಲೇ ಸಂತೆಗೆ ಹೊಡೆದು ಮಾರಿಬಿಡುತ್ತಾರೆ. ಅಂಥವರನ್ನು ಬಯ್ದು ಪ್ರಯೋಜನವಿಲ್ಲ. ಹಸುವಿನ ಸಾಲ ತೀರದ ಬಡವನು ಮತ್ತೇನು ಮಾಡಿಯಾನು? ಆದರೆ ಹಾಗೆ ಮಾರಿದ ದನದೊಂದಿಗೆ ರೋಗವೂ ಹತ್ತು ಊರಿಗೆ ಹೋಗುವುದು ಮಾತ್ರ ನಿಶ್ಚಯ. ಈ ಜ್ವರವು ಮನುಷ್ಯರಿಗೆ ಹಾಲಿನಿಂದ ಬರತಕ್ಕದ್ದಲ್ಲವೆಂದೂ, ಕಾಯಿಸಿದ ಹಾಲಿನಿಂದ ಅಪಾಯವಿಲ್ಲವೆಂದೂ, ರೋಗವನ್ನು ಮೊದಲು ತಿಳಿಸಿದವನು ಅಪರಾಧಿಯಲ್ಲವೆಂದೂ ಊರಿನವರೆಲ್ಲರ ಎದುರಿಗೆ ಹೇಳುವುದು ಮುಖಂಡರಿಗೆ ಸೇರಿದ ಕೆಲಸ. ಕಾರ್ಯಕರ್ತರು ಹೇಳಿದರೆ ನಂಬದವರು ಮುಖಂಡರ ಮಾತನ್ನು ನಂಬುತ್ತಾರೆ.

ಚರ್ಮಗಂಟು ರೋಗದ ಕಥೆಯೂ ಇದೇ ಬಗೆಯದು. 2019ರಲ್ಲಿ ಭಾರತದಲ್ಲಿ ಮೊದಲು ಕಂಡುಬಂದು, 2022ರಲ್ಲಿ ಅನೇಕ ರಾಜ್ಯಗಳಿಗೆ ಹಬ್ಬಿತು. ಕರ್ನಾಟಕದಲ್ಲಿ ಜಾತ್ರೆ ಸಂತೆಗಳನ್ನು ನಿಲ್ಲಿಸಬೇಕಾಯಿತು. ಸೊಳ್ಳೆ, ಕಚ್ಚುನೊಣ, ಉಣ್ಣೆಗಳಿಂದ ಹರಡುವ ಈ ರೋಗಕ್ಕೆ ಮೇಕೆಯ ಸಿಡುಬಿನ ಲಸಿಕೆಯನ್ನು ಉಪಯೋಗಿಸಿದರು.

ಅಪಾಯವನ್ನು ಮುಂಚೆ ಅರಿಯುವುದು

ಯಲಹಂಕದ ಬಳಿ ರಾಮಗೊಂಡನಹಳ್ಳಿಯಲ್ಲಿ ‘ನಿವೇದಿ’ ಎಂದು ವಾಡಿಕೆಯಲ್ಲಿ ಕರೆಯಲ್ಪಡುವ ಪಶುರೋಗಗಳ ಸಂಶೋಧನ ಸಂಸ್ಥೆಯಿದೆ. ಭಾರತೀಯ ಕೃಷಿ ಸಂಶೋಧನ ಪರಿಷತ್ತಿಗೆ ಸೇರಿದ ಈ ಸಂಸ್ಥೆಯವರು ಹಿಂದಿನ ವರ್ಷಗಳಲ್ಲಿ ಯಾವ ಜಿಲ್ಲೆಯಲ್ಲಿ ಯಾವ ರೋಗ ಯಾವ ತಿಂಗಳಲ್ಲಿ ಬಂದಿತೆಂಬ ಲೆಕ್ಕವನ್ನೂ, ಮಳೆ, ಬಿಸಿಲು, ದನಗಳ ಸಂಖ್ಯೆ ಮೊದಲಾದುವನ್ನೂ ಕೂಡಿಸಿ, ಮುಂದೆ ಬರಬಹುದಾದ ಮುಖ್ಯ ರೋಗಗಳ ಅಪಾಯ ಯಾವ ಜಿಲ್ಲೆಗೆ ಎಷ್ಟೆಂಬುದನ್ನು ಎರಡು ತಿಂಗಳು ಮುಂಚಿತವಾಗಿ ಪ್ರತಿ ತಿಂಗಳೂ ಪ್ರಕಟಿಸುತ್ತಾರೆ. ಇದು ಪಂಚಾಂಗದ ಭವಿಷ್ಯದಂತಹುದಲ್ಲ. ಆದರೂ ಜಿಲ್ಲೆಗೆ ಹೇಳಿದ ಮಾತನ್ನು ತನ್ನ ಊರಿಗೆ ಇಳಿಸಿಕೊಳ್ಳುವುದು ಆ ಊರಿನ ಕಾರ್ಯಕರ್ತನ ಕೆಲಸ. ಶಿಕ್ಷಣದಲ್ಲಿ ಇದಕ್ಕೆ ಹೆಚ್ಚು ಹೊತ್ತನ್ನು ಕೊಡಬೇಕು.

ಅದಕ್ಕಾಗಿ ಪ್ರತಿಯೊಬ್ಬ ಕಾರ್ಯಕರ್ತನೂ ತನ್ನ ಊರಿನ ನಕ್ಷೆಯೊಂದನ್ನು ಕೈಯಿಂದಲೇ ಬರೆದುಕೊಳ್ಳತಕ್ಕದ್ದು. ದನಗಳು ನೀರು ಕುಡಿಯುವ ಸ್ಥಳ, ಮಂದೆ ತಂಗುವ ಹೊಲ, ಸಂತೆಗೆ ಹೋಗುವ ದಾರಿ, ಹಾಲಿನ ಸಂಘ, ಹಿಂದೆ ಹಠಾತ್ತನೆ ದನ ಸತ್ತ ಜಾಗ, ಅದನ್ನು ಹೂಳಿದ ಜಾಗ, ಇವೆಲ್ಲವೂ ಅದರಲ್ಲಿರಬೇಕು. ಹೂಳಿದ ಜಾಗಗಳನ್ನು ಬಲ್ಲವರು ಊರಿನ ವೃದ್ಧರು ಮಾತ್ರ. ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕಾಲವನ್ನೂ ಅರಿತಿರಬೇಕು. ಗಳಲೆ ರೋಗಕ್ಕೂ ಚಪ್ಪೆ ರೋಗಕ್ಕೂ ಕುರಿಗಳ ಕರುಳುಬೇನೆಗೂ ಮುಂಗಾರು ಹಿಡಿಯುವುದಕ್ಕೆ ಮುಂಚೆಯೇ ಲಸಿಕೆಯಾಗಬೇಕು. ಕಾಲುಬಾಯಿಗೆ ಆರು ತಿಂಗಳಿಗೊಮ್ಮೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡ್ ತಂಪಿನಲ್ಲಿಯೇ ಇಟ್ಟು ತರಬೇಕು. ಬಿಸಿಲಿನಲ್ಲಿ ಕೆಡುವುದೆಂದು ಎಲ್ಲರೂ ಬಲ್ಲರು. ಆದರೆ ಹೆಪ್ಪುಗಟ್ಟಿದರೂ ಕಾಲುಬಾಯಿ ಲಸಿಕೆ ಕೆಡುತ್ತದೆಂಬುದನ್ನು ಬಲ್ಲವರು ಕಡಿಮೆ. ದನಕ್ಕೊಂದು ಸೂಜಿ ಬದಲಾಯಿಸದೆ ಇಡೀ ಬೀದಿಗೆ ಒಂದೇ ಸೂಜಿಯಿಂದ ಚುಚ್ಚುವುದನ್ನು ಯಜಮಾನರು ಕಂಡಲ್ಲಿ ಅಲ್ಲಿಯೇ ತಡೆಯಬಹುದು.

ನೆರಡಿ ರೋಗ

ಕಾರ್ಯಕರ್ತರು ಕಲಿಯತಕ್ಕ ರೋಗಗಳಲ್ಲಿ ನೆರಡಿಗೆ ಪ್ರತ್ಯೇಕವಾದ ಸ್ಥಾನವಿದೆ. ಏಕೆಂದರೆ ಇಲ್ಲಿ ತಪ್ಪು ಮಾಡಿದರೆ ದನದೊಂದಿಗೆ ಮನುಷ್ಯನೂ ಹೋಗಬಹುದು. ಬೆಳಗ್ಗೆ ಚೆನ್ನಾಗಿ ಮೇಯ್ದ ದನವೋ ಕುರಿಯೋ ಸಂಜೆಗೆ ಸತ್ತು ಬಿದ್ದಿರುತ್ತದೆ. ಹೊಟ್ಟೆ ಬೇಗನೆ ಉಬ್ಬುತ್ತದೆ. ಮೂಗು, ಬಾಯಿ, ಗುದಗಳಿಂದ ಕಪ್ಪಾದ, ಹೆಪ್ಪುಗಟ್ಟದ ರಕ್ತ ಒಸರುತ್ತದೆ. ಇದನ್ನು ಕಂಡೊಡನೆ ಕೈಕಟ್ಟಿ ನಿಲ್ಲುವುದೇ ಮೊದಲನೆಯ ಚಿಕಿತ್ಸೆ. ಕೊಯ್ಯಕೂಡದು, ಚರ್ಮ ಸುಲಿಯಕೂಡದು, ಮಾಂಸವನ್ನು ಪಾಲು ಹಾಕಕೂಡದು.

ಕಾರಣವಿಷ್ಟೆ. ಸತ್ತ ದನದ ಒಡಲೊಳಗೆ ಮುಚ್ಚಿಕೊಂಡಿರುವ ಈ ರೋಗದ ಕ್ರಿಮಿಗಳು ಕೊಳೆಯುವಾಗ ತಾವೂ ಬಹುಮಟ್ಟಿಗೆ ಸಾಯುತ್ತವೆ. ಒಡಲನ್ನು ಸೀಳಿ ಗಾಳಿ ಸೋಂಕಿತೆಂದರೆ ಅವು ಗಟ್ಟಿಯಾದ ಕವಚವುಳ್ಳ ಬೀಜಾಣುಗಳಾಗಿ ಮಣ್ಣು ಸೇರಿ ಹತ್ತಾರು ವರ್ಷ ಕಾದಿರುತ್ತವೆ. ಬರದ ತರುವಾಯ ಜೋರು ಮಳೆ ಬಂದು ಮಣ್ಣು ಕೊಚ್ಚಿದಾಗ, ಅಥವಾ ಬೇಸಿಗೆಯಲ್ಲಿ ದನವು ಕುಳ್ಳಗಿನ ಹುಲ್ಲನ್ನು ಬೇರುಸಹಿತ ಕಿತ್ತು ತಿಂದಾಗ, ಪುನಃ ರೋಗವೇಳುತ್ತದೆ. ಮೊಮ್ಮಗನ ಕುರಿ ಸಾಯುವುದಕ್ಕೆ ಅಜ್ಜನ ಕಾಲದ ಗುಂಡಿ ಕಾರಣವಾಗಬಹುದು. ಚರ್ಮ ಸುಲಿದವನ ಕೈಯಲ್ಲಿ ನೋವಿಲ್ಲದ, ನಡುವೆ ಕರ್ರಗಾದ ಹುಣ್ಣು ಎದ್ದರೆ ಅದನ್ನು ಅಲಕ್ಷ್ಯ ಮಾಡದೆ ಕೂಡಲೆ ಆಸ್ಪತ್ರೆಗೆ ಕಳುಹಿಸಬೇಕು. ಬೇಗ ಹೋದರೆ ಪೆನಿಸಿಲಿನ್ ಜಾತಿಯ ಔಷಧದಿಂದ ಗುಣವಾಗುತ್ತದೆ.

ಶಿಕ್ಷಣ ಪಡೆದ ಕಾರ್ಯಕರ್ತನು ಕೈಚೀಲ ಧರಿಸಿ, ಕಿವಿಯ ನರದಿಂದ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಪರೀಕ್ಷೆಗೆ ಕಳುಹಿಸುತ್ತಾನೆ. ಔಷಧದಲ್ಲಿ ಅದ್ದಿದ ಹತ್ತಿಯಿಂದ ಮೂಗು ಗುದಗಳನ್ನು ಮುಚ್ಚುತ್ತಾನೆ. ಹೆಣವನ್ನು ಸುಟ್ಟುಬಿಡುವುದು ಉತ್ತಮ. ಅದಾಗದಿದ್ದಲ್ಲಿ ಕೆರೆ, ಬಾವಿ, ಕೊಳವೆಬಾವಿಗಳಿಗೆ ದೂರವಾದ ಎತ್ತರದ ಜಾಗದಲ್ಲಿ ಆರು ಅಡಿಗೆ ಕಡಿಮೆಯಿಲ್ಲದಂತೆ ಮಣ್ಣು ಮೇಲೆ ಬರುವ ಹಾಗೆ ಆಳವಾಗಿ ತೋಡಿ, ರಕ್ತ ಬಿದ್ದ ಮಣ್ಣು, ಹಾಸಿದ ಹುಲ್ಲು, ಕಟ್ಟಿದ ಹಗ್ಗಗಳ ಸಮೇತ ಹೂಳಿ, ಮೇಲೆ ಮುಳ್ಳು ಕವಿಸತಕ್ಕದ್ದು. ಸುಣ್ಣ ಸುರಿಯುವ ವಾಡಿಕೆ ಮಿಕ್ಕ ರೋಗಗಳಿಗೆ ಇರಲಿ. ಸುಣ್ಣದ ಅಂಶದಿಂದ ನೆರಡಿಯ ಬೀಜಾಣುಗಳು ಇನ್ನೂ ಹೆಚ್ಚು ಕಾಲ ಬದುಕಬಹುದೆಂದು ಈಗಿನ ತಜ್ಞರ ಅಭಿಪ್ರಾಯ.

ಕಾರ್ಯಕರ್ತರ ಮೈಗಾವಲು

ದನಗಳನ್ನು ಕಾಯಬೇಕಾದವರು ತಮ್ಮ ಮೈಯನ್ನು ಮೊದಲು ಕಾಯ್ದುಕೊಳ್ಳಬೇಕು. ಬರಿಗೈಯಿಂದ ಮಾಸು ತೆಗೆಯುವುದು ಹಳ್ಳಿಗಳಲ್ಲಿ ಸಾಮಾನ್ಯ. ಕಂದು ಹಾಕುವ ರೋಗವಿರುವ ಹಸುವಿನ ಮಾಸಿನಿಂದ ಮನುಷ್ಯನಿಗೆ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವುಗಳು ತಗಲಿ ತಿಂಗಳುಗಟ್ಟಲೆ ಪೀಡಿಸುತ್ತವೆ. ಈ ರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಆಯುಸ್ಸಿನಲ್ಲಿ ಒಂದೇ ಸಲ ಹಾಕುವ ಲಸಿಕೆಯೂ ಜೀವಂತ ಕ್ರಿಮಿಗಳದ್ದು. ಕರು ಒದೆದು ಸೂಜಿ ಕೈಗೆ ಚುಚ್ಚಿದರೆ, ಅಥವಾ ಒಂದು ಹನಿ ಕಣ್ಣಿಗೆ ಸಿಡಿದರೆ, ಕಾರ್ಯಕರ್ತನಿಗೇ ರೋಗ ಬರಬಹುದು. ಆದಕಾರಣ ಕರುವನ್ನು ಬಿಗಿಯಾಗಿ ಹಿಡಿಯಲು ಮನೆಯ ಯಜಮಾನನು ಆಳನ್ನು ಒದಗಿಸಬೇಕು. ಕರುವನ್ನು ಮನೆಯ ಹುಡುಗನ ಕೈಗೆ ಕೊಟ್ಟು ತಾನು ಜಗಲಿಯ ಮೇಲೆ ಕುಳಿತಿರುವುದು ತರವಲ್ಲ.

2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕೋಳಿಗಳು ಸತ್ತು, ಹಕ್ಕಿಜ್ವರವೆಂದು ದೃಢಪಟ್ಟಾಗ ಈ ಶಿಕ್ಷಣದ ಬೆಲೆ ಎಲ್ಲರಿಗೂ ತಿಳಿಯಿತು. ಇಂಥ ಮಾದರಿಗಳನ್ನು ಪರೀಕ್ಷಿಸಿ ನಿರ್ಣಯ ಹೇಳುವುದು ಭೂಪಾಲದ ಪ್ರಯೋಗಶಾಲೆ. ಅಲ್ಲಿಂದ ಉತ್ತರ ಬರುವವರೆಗೆ ಊರಿನ ಕೋಳಿಯೂ ಮೊಟ್ಟೆಯೂ ಗೊಬ್ಬರವೂ ಅಲುಗದಂತೆ ನೋಡಿಕೊಳ್ಳುವುದು ಸ್ಥಳದಲ್ಲಿರುವವರ ಹೊಣೆ. ರೋಗ ಸಿದ್ಧವಾದ ಬಳಿಕ ಸುತ್ತ ಒಂದು ಕಿಲೋಮೀಟರಿನೊಳಗಣ ಕೋಳಿಗಳನ್ನು ಕೊಂದು ಹೂಳುವುದೂ, ಹತ್ತು ಕಿಲೋಮೀಟರಿನವರೆಗೆ ಕಾವಲಿಡುವುದೂ ರಾಷ್ಟ್ರದ ಕಾರ್ಯಯೋಜನೆಯಲ್ಲಿರುವ ಕ್ರಮ. ಮೈಮುಚ್ಚುವ ಉಡುಪನ್ನು ತೊಡುವುದಕ್ಕಿಂತ ಕಳಚುವುದು ಕಷ್ಟ; ಹೊರಮೈಯನ್ನು ಮುಟ್ಟದೆ ಕಳಚುವ ಕ್ರಮವನ್ನು ಬಾಯಿಪಾಠದಿಂದ ಕಲಿಯಲಾಗದು. ಸಿಪಾಯಿಗಳ ಕವಾಯತಿನಂತೆ ಹತ್ತು ಸಲ ಮಾಡಿಸಿಯೇ ಕಲಿಸಬೇಕು. ಭಾಷಣ ಕೇಳಿಸಿ, ಊಟ ಹಾಕಿಸಿ, ಸರ್ಟಿಫಿಕೇಟು ಕೊಟ್ಟು ಕಳುಹಿಸುವ ಶಿಕ್ಷಣದಿಂದ ಇದು ಬರತಕ್ಕದ್ದಲ್ಲ.

ಬರ ಮತ್ತು ನೆರೆ

ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು, ಅಂದರೆ 1876ರಿಂದ 78ರವರೆಗಿನ ಬರವನ್ನು, ಈ ಸೀಮೆಯ ಮುತ್ತಾತಂದಿರು ಕಂಡಿದ್ದರು. 2023ರಲ್ಲಿಯೂ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟುವು. ಬರವು ಹಠಾತ್ತಾಗಿ ಬರುವ ಆಪತ್ತಲ್ಲ. ಸೂಚನೆ ಕೊಟ್ಟೇ ಬರುತ್ತದೆ. ಹಸು ಒಂದಕ್ಕೆ ದಿನಕ್ಕೆ 6 ಕಿಲೋಗ್ರಾಂ ಒಣಹುಲ್ಲೆಂದು ಇಟ್ಟುಕೊಂಡರೂ ಆರು ತಿಂಗಳಿಗೆ ಒಂದು ಟನ್ನಿಗೂ ಮೇಲಾಗುತ್ತದೆ. ದೀಪಾವಳಿಯ ಹೊತ್ತಿಗೆ ಊರಿನ ಬಣವೆಗಳನ್ನೂ ಹಸುಗಳನ್ನೂ ಎಣಿಸಿ ನೋಡಿದರೆ ಯಾವ ತಿಂಗಳಲ್ಲಿ ಮೇವು ಮುಗಿಯುವುದೆಂಬುದು ತಿಳಿಯುತ್ತದೆ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯವನ್ನು ಸುಮಾರು ಐವತ್ತು ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಹುಲ್ಲಿನ ಸತ್ವ ಹೆಚ್ಚುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಹಾಕಕೂಡದು. ಯೂರಿಯ ಕರಗಿದ ನೀರನ್ನು ದನ ಕುಡಿದರೆ ಸಾಯುತ್ತದೆಂಬುದು ನೆನಪಿರಲಿ.

ನೀರಿಲ್ಲದೆ ಕುಗ್ಗಿದ ಎಳೆಯ ಜೋಳದ ಪೈರಿನಲ್ಲಿ ವಿಷವಿರುತ್ತದೆ. ಹೂ ಬಿಡುವ ಮುಂಚೆ ಬಾಡಿದ ಜೋಳವನ್ನೂ, ಕೊಯ್ದ ಮೇಲೆ ಮಳೆಗೆ ಚಿಗುರಿದ ಕೂಳೆಯನ್ನೂ ಹಸಿದ ದನಕ್ಕೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಉರುಳುತ್ತದೆ. ಗೋಶಾಲೆಗಳನ್ನು ತೆರೆದಾಗ ಮತ್ತೊಂದು ಅಪಾಯವಿದೆ. ಹತ್ತೂರಿನ ಬಡಕಲು ದನಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವ ಸ್ಥಳದಲ್ಲಿ ಒಂದು ರೋಗದ ದನ ಸಾಕು. ಲಸಿಕೆಯಾಗದ ದನವನ್ನು ಒಳಕ್ಕೆ ಬಿಡದಂತೆ ಬಾಗಿಲಲ್ಲಿಯೇ ಒಬ್ಬ ಕಾರ್ಯಕರ್ತನಿರಬೇಕು.

2021ರ ನವೆಂಬರಿನಲ್ಲಿ ಈ ಜಿಲ್ಲೆಯಲ್ಲಿ ಬಿದ್ದ ಮಳೆಗೆ ಬಹುಕಾಲ ತುಂಬದಿದ್ದ ಕೆರೆಗಳು ಕೋಡಿ ಬಿದ್ದುವು. ಬರಸೀಮೆಯವರಿಗೆ ನೆರೆಯ ಅಭ್ಯಾಸವಿರುವುದಿಲ್ಲ. ರಾತ್ರಿ ನೀರು ನುಗ್ಗಿದಾಗ ಜನರು ಮಕ್ಕಳನ್ನೆತ್ತಿಕೊಂಡು ಹೊರಡುತ್ತಾರೆ, ದನ ಗೂಟದಲ್ಲಿಯೇ ಉಳಿಯುತ್ತದೆ. ದನವು ಈಜಬಲ್ಲದು, ಮುಳುಗುವುದು ಕಟ್ಟಿದ ದನ. ಮಳೆಗಾಲದಲ್ಲಿ ಕೆರೆಯ ಕೆಳಗಣ ಕೊಟ್ಟಿಗೆಗಳಲ್ಲಿ ಎಳೆದರೆ ಬಿಚ್ಚುವ ಗಂಟನ್ನೇ ಹಾಕುವುದನ್ನೂ, ದನಗಳನ್ನು ಹೊಡೆಯತಕ್ಕ ದಿಣ್ಣೆ ಯಾವುದೆಂಬುದನ್ನೂ ಊರಿನ ಹುಡುಗರಿಗೂ ಕಲಿಸಿರಬೇಕು. ನೀರಿಳಿದ ಮೇಲೆ ಗಳಲೆ ರೋಗ, ಇಲಿಜ್ವರ, ಕುರಿಗಳ ಗೊರಸು ಕೊಳೆಯುವಿಕೆ, ಬೂಷ್ಟು ಹಿಡಿದ ಮೇವಿನ ವಿಷ ಇವು ಒಂದರ ಹಿಂದೊಂದು ಬರುತ್ತವಾದುದರಿಂದ ಕಾರ್ಯಕರ್ತರು ಹದಿನೈದು ದಿವಸ ಪ್ರತಿನಿತ್ಯವೂ ಊರು ಸುತ್ತುವುದು ಅವಶ್ಯ.

ಕಾಯಿದೆ ಮತ್ತು ಲೆಕ್ಕ

ಪಟೇಲ ಶಾನುಭೋಗರ ವಂಶಪಾರಂಪರ್ಯ ಅಧಿಕಾರವು 1961ರ ಕಾಯಿದೆಯಿಂದ ಹೋಯಿತಾದರೂ ದನಗಳ ರೋಗದ ವರ್ತಮಾನ ಕೊಡುವ ಹೊಣೆ ಊರಿನ ಮುಖಂಡರಿಂದ ಹೋಗಿಲ್ಲ. 2009ರ ಪಶುಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾಯಿದೆಯ ಪ್ರಕಾರ, ಪಟ್ಟಿಯಲ್ಲಿರುವ ರೋಗದ ಅನುಮಾನವಿರುವ ದನದ ಯಜಮಾನನು ಗ್ರಾಮಾಧಿಕಾರಿಗೋ ಗ್ರಾಮ ಪಂಚಾಯಿತಿಗೋ ತಿಳಿಸತಕ್ಕದ್ದು. ಅಲ್ಲಿಂದ ಸಮೀಪದ ಪಶುವೈದ್ಯರಿಗೆ ಬರವಣಿಗೆಯಲ್ಲಿ ವರದಿ ಹೋಗತಕ್ಕದ್ದು. ರೋಗದ ದನವನ್ನು ಬೇರೆ ಕಟ್ಟಬೇಕು. ಹೆಣವನ್ನು ಕೆರೆಗೋ ಕಾಲುವೆಗೋ ಎಸೆಯುವುದು ಶಿಕ್ಷಾರ್ಹವಾದ ಅಪರಾಧ. ಬರವಣಿಗೆಗೆ ಮುಂಚೆ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ ಸುದ್ದಿ ಮುಟ್ಟುತ್ತದೆ.

ನೆರೆ ಮೊದಲಾದ ಪ್ರಕೃತಿವಿಕೋಪಗಳಿಂದ ಸತ್ತ ದನಗಳಿಗೆ 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಹಾಲು ಕೊಡುವ ಹಸು ಎಮ್ಮೆಗಳಿಗೆ ತಲಾ 37,500 ರೂಪಾಯಿ, ಉಳುವ ಎತ್ತಿಗೆ 32,000, ಕರುವಿಗೆ 20,000, ಕುರಿಮೇಕೆಗಳಿಗೆ 4,000 ಎಂದು ಗೊತ್ತು ಮಾಡಲಾಯಿತು. ದನವಿತ್ತೆಂಬುದಕ್ಕೇ ಸಾಕ್ಷಿಯಿಲ್ಲದೆ ಈ ಹಣ ಕೈತಪ್ಪುವುದುಂಟು. ಕಿವಿಗೆ ಹಾಕಿದ ಹಳದಿ ಬಿಲ್ಲೆಯಲ್ಲಿರುವ ಹನ್ನೆರಡು ಅಂಕೆಗಳ ಸಂಖ್ಯೆಯನ್ನು ಮನೆವಾರು ಬರೆದ ಪುಸ್ತಕವೊಂದು ಪಂಚಾಯಿತಿಯಲ್ಲಿಯೂ, ಅದರ ನಕಲು ಕಾರ್ಯಕರ್ತನ ಬಳಿಯೂ ಇದ್ದರೆ ಪಂಚನಾಮೆಯ ದಿವಸ ಅಲೆದಾಟ ತಪ್ಪುತ್ತದೆ. ವಿಮೆ ಮಾಡಿಸಿದ ದನ ಸತ್ತಾಗ ಬಿಲ್ಲೆಯನ್ನು ಕಳೆಯದೆ ಇಡಬೇಕು. ಆದರೆ ನೆರಡಿಯ ಅನುಮಾನವಿದ್ದಲ್ಲಿ ಕಿವಿಯನ್ನು ಕೊಯ್ದು ಬಿಲ್ಲೆ ತೆಗೆಯಬಾರದು. ದೂರದಿಂದ ಅದರ ಸಂಖ್ಯೆ ಕಾಣುವಂತೆ ಛಾಯಾಚಿತ್ರ ತೆಗೆದು, ಪಶುವೈದ್ಯರು ಬಂದು ನೋಡುವವರೆಗೆ ನಾಯಿ ಹದ್ದುಗಳು ಮುಟ್ಟದಂತೆ ಹೆಣಕ್ಕೆ ಕಾವಲಿಡತಕ್ಕದ್ದು.